ಕಣ್ಣು ಮುಚ್ಚಿದಲ್ಲೇ ಕಣ್ಣು ತೆರೆಯಲಿ

ಮಗಳು ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿ ಎರಡು ವಾರವಾಗಿತ್ತು. ನಾಲ್ಕು ದಿನ ಇದ್ದು ಬರೋಣವೆಂದು ಬೆಂಗಳೂರಿಗೆ ಹೋಗಿದ್ದೆ. ರಾತ್ರಿ ಎರಡೂವರೆಗೆ ನೀರು ಕುಡಿಯಲು ಎದ್ದರೆ ಹಾಲ್‌ನಲ್ಲಿ ದೀಪ ಉರಿಯುತ್ತಿತ್ತು. ಅಳಿಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದ. ಮಗಳು ಸೋಫಾದ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಳು. "ನಿದ್ದೆ ಬಂತು ಅಂತ ಮಂಚದಲ್ಲಿ ಮಲಗಿಸ್ತೀವಿ ಅಮ್ಮ, ಬೆನ್ನು ತಾಗಿದ ಕೂಡಲೇ ಕಣ್ಣು ಬಿಡ್ತಾನೆ. ರಾತ್ರಿಯಿಂದ ಇದು ನಾಲ್ಕನೇ ಸಲ" ಎಂದಳು. ಬೆಳಿಗ್ಗೆ ಒಂಬತ್ತಕ್ಕೆ ಅವಳಿಗೆ ಮೀಟಿಂಗ್ ಇತ್ತು.

2017ರ ತಿದ್ದುಪಡಿಯ ನಂತರ ನಮ್ಮ ಕಾನೂನಿನಡಿ ಮೊದಲೆರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಇದೆ. ಅಂದರೆ ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ತಾಯಿ ಹೊರಗೆ ದುಡಿಯಲು ಹೊರಡಬೇಕು. ಬಾಣಂತನ ಮಾಡಿದ ತವರಿನ ಕೈಗಳು ಅಷ್ಟರಲ್ಲಿ ದೂರವಾಗಿರುತ್ತವೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಇಬ್ಬರೇ ರಾತ್ರಿಯನ್ನು ಎದುರಿಸಬೇಕು. ಆಗ ಅವರಿಗೆ ಸಿಗುವ ಸಲಹೆ ಎರಡು ಬಗೆಯದು. "ಮಕ್ಕಳು ಅಂದ್ರೆ ಹಾಗೇ, ಪಕ್ಕದಲ್ಲಿ ಹಾಕ್ಕೊಂಡು ಮಲಗು" ಎನ್ನುವುದು ಹಿರಿಯರ ಮಾತು. "ಅಳಲಿ ಬಿಡಿ, ಮೂರು ದಿನದಲ್ಲಿ ಸರಿಹೋಗುತ್ತೆ" ಎನ್ನುವುದು ಮೊಬೈಲಿನ ಮಾತು. ಮಗು ಯಾಕೆ ಏಳುತ್ತದೆ ಎಂಬುದನ್ನು ಇವೆರಡೂ ಹೇಳುವುದಿಲ್ಲ. ಅದು ತಿಳಿದರೆ ಅರ್ಧ ದಾರಿ ಸವೆದಂತೆ.

ನಿದ್ದೆಯ ಮೊತ್ತದಲ್ಲಿ ಮಕ್ಕಳು ಜಿಪುಣರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಮೂರು ತಿಂಗಳವರೆಗಿನ ಶಿಶುವಿಗೆ ದಿನಕ್ಕೆ 14ರಿಂದ 17 ಗಂಟೆ, ನಾಲ್ಕರಿಂದ ಹನ್ನೊಂದು ತಿಂಗಳ ಮಗುವಿಗೆ ಹಗಲಿನ ನಿದ್ದೆಯೂ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ಕಷ್ಟವೇನೆಂದರೆ ಇಷ್ಟು ನಿದ್ದೆ ತುಂಡು ತುಂಡಾಗಿ ಬರುತ್ತದೆ. ಹಸುಗೂಸಿಗೆ ಹಗಲು ರಾತ್ರಿಯ ಭೇದ ಗೊತ್ತಿರುವುದಿಲ್ಲ. ಕತ್ತಲಾದಾಗ ಮೈಗೆ ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ಮಗುವಿನ ದೇಹದಲ್ಲಿ ಒಂದು ಲಯಕ್ಕೆ ಬರಲು ಸುಮಾರು ಮೂರು ತಿಂಗಳು ಬೇಕು. ಹೊಟ್ಟೆಯೂ ಪುಟ್ಟದು, ಕುಡಿದ ಹಾಲು ಬೇಗ ಕರಗುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ರಾತ್ರಿ ಮತ್ತೆ ಮತ್ತೆ ಏಳುವ ಕೂಸು ತನ್ನ ಬೆಳವಣಿಗೆಗೆ ಬೇಕಾದುದನ್ನೇ ಮಾಡುತ್ತಿರುತ್ತದೆ. ಆಗ ಅದಕ್ಕೆ ಯಾವ ಶಿಸ್ತನ್ನೂ ಕಲಿಸಲು ಹೊರಡಬಾರದು.

ನಿದ್ದೆಯ ಒಳಗೂ ಒಂದು ಏರಿಳಿತವಿದೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ನಿದ್ರಿಸುವವರ ಕಣ್ಣುಗುಡ್ಡೆ ರೆಪ್ಪೆಯಡಿ ಆಗಾಗ ಸರಸರನೆ ಓಡಾಡುವ ಹಂತವೊಂದನ್ನು ಗುರುತಿಸಿದರು. ದೊಡ್ಡವರ ನಿದ್ದೆಯಲ್ಲಿ ಇದು ಹೆಚ್ಚೆಂದರೆ ಕಾಲುಭಾಗ. ಹಸುಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧ. ಆ ಹೊತ್ತಿನಲ್ಲಿ ಕೂಸು ಮುಖ ಕಿವುಚುತ್ತದೆ, ನಗುತ್ತದೆ, ಮುಲುಗುತ್ತದೆ, ಕೈಕಾಲು ಒದರುತ್ತದೆ. ನೋಡಿದವರಿಗೆ ಎದ್ದೇಬಿಟ್ಟಿತು ಅನ್ನಿಸಬೇಕು. ನಿಜಕ್ಕೂ ಅದು ನಿದ್ದೆಯಲ್ಲೇ ಇರುತ್ತದೆ. ನಮ್ಮ ನಿದ್ದೆಯ ಒಂದು ಸುತ್ತು ಮುಗಿಯಲು ಸುಮಾರು 90 ನಿಮಿಷ ಬೇಕಾದರೆ, ಕೂಸಿನದು 50-60 ನಿಮಿಷದಲ್ಲೇ ಮುಗಿಯುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಸಂಧಿಯಲ್ಲಿ ಎಚ್ಚರ ತೆಳ್ಳಗೆ ಸುಳಿದುಹೋಗುತ್ತದೆ. ನಮಗೂ ಹಾಗೆಯೇ. ಮಗ್ಗುಲು ಬದಲಿಸುತ್ತೇವೆ, ಹೊದಿಕೆ ಎಳೆದುಕೊಳ್ಳುತ್ತೇವೆ, ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ.

ಈಗ ಹೀಗೆ ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿ ಹುಬ್ಬಳ್ಳಿಯ ರಾತ್ರಿ ಬಸ್ಸು ಹತ್ತಿ, ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದೀರಿ. ನಡುರಾತ್ರಿ ಕಣ್ಣು ಬಿಟ್ಟಾಗ ಬಸ್ಸಿಲ್ಲ, ಯಾವುದೋ ಊರಿನ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಬ್ಬರೇ ಇದ್ದೀರಿ. ಮತ್ತೆ ಕಣ್ಣು ಮುಚ್ಚುತ್ತೀರಾ? ಗಾಬರಿಯಿಂದ ಎದ್ದು ಕೂಗುತ್ತೀರಿ. ತಾಯಿಯ ಎದೆಗೊರಗಿ, ಹಾಲು ಚೀಪುತ್ತಾ, ಅವಳ ಉಸಿರು ಕೇಳುತ್ತಾ ನಿದ್ದೆಹೋದ ಮಗುವನ್ನು ನಾವು ಸದ್ದಿಲ್ಲದೆ ಮಂಚಕ್ಕೆ ಇಳಿಸುತ್ತೇವೆ. ಒಂದು ಗಂಟೆಯ ಮೇಲೆ ಅದು ಕಣ್ಣು ಬಿಟ್ಟಾಗ ಎದೆಯಿಲ್ಲ, ಹಾಲಿಲ್ಲ, ಉಸಿರಿಲ್ಲ. ಅದು ಅಳುವುದು ಹಟಕ್ಕಲ್ಲ, ದಿಗಿಲಿಗೆ. ಕಣ್ಣು ಮುಚ್ಚುವಾಗ ಏನಿತ್ತೋ ಕಣ್ಣು ತೆರೆದಾಗಲೂ ಅದೇ ಇದ್ದರೆ ಮಗುವಿಗೆ ಕೂಗಿ ಕರೆಯುವ ಅಗತ್ಯ ಕಡಿಮೆಯಾಗುತ್ತದೆ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿವರಣೆ.

ಥಾಮಸ್ ಆ್ಯಂಡರ್ಸ್ ಎಂಬ ಅಮೆರಿಕದ ಮನೋವೈದ್ಯರು 1970ರ ದಶಕದಲ್ಲಿ ಮಲಗಿದ ಶಿಶುಗಳನ್ನು ರಾತ್ರಿಯಿಡೀ ವಿಡಿಯೊದಲ್ಲಿ ಚಿತ್ರಿಸಿ ನೋಡಿದರು. 'ರಾತ್ರಿಪೂರ್ತಿ ಮಲಗುತ್ತಾನೆ' ಎಂದು ತಂದೆತಾಯಿ ಹೇಳುತ್ತಿದ್ದ ಮಕ್ಕಳೂ ಏಳುತ್ತಿದ್ದವು. ಕಣ್ಣು ಬಿಟ್ಟು, ಅತ್ತಿತ್ತ ನೋಡಿ, ಬೆರಳು ಚೀಪಿ, ತಾವೇ ಮತ್ತೆ ನಿದ್ದೆಗೆ ಜಾರುತ್ತಿದ್ದವು. ಉಳಿದ ಮಕ್ಕಳು ಎದ್ದಾಗ ಅತ್ತು ಕರೆಯುತ್ತಿದ್ದವು. ಏಳದ ಮಗುವೇ ಇಲ್ಲ. ಎದ್ದ ಮಗು ತಾನಾಗಿ ನಿದ್ದೆಗೆ ಮರಳುತ್ತದೆಯೇ ಇಲ್ಲವೇ ಎಂಬುದಷ್ಟೇ ವ್ಯತ್ಯಾಸ.

ಹಾಗೆಯೇ ನಮ್ಮ ನಿರೀಕ್ಷೆಯನ್ನೂ ಸರಿಪಡಿಸಿಕೊಳ್ಳಬೇಕು. ಲಂಡನ್ನಿನಲ್ಲಿ 1957ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದು, ಮಧ್ಯರಾತ್ರಿಯಿಂದ ಬೆಳಗಿನ ಐದರವರೆಗೆ ಮಲಗುವುದನ್ನೇ ರಾತ್ರಿಪೂರ್ತಿ ನಿದ್ದೆ ಎಂದು ಲೆಕ್ಕ ಹಿಡಿದಿತ್ತು. ಕೆನಡಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳಾದಾಗ ನೂರರಲ್ಲಿ 38 ಮಕ್ಕಳು ಒಂದೇ ಸಮನೆ ಆರು ಗಂಟೆ ಮಲಗುತ್ತಿರಲಿಲ್ಲ. ವರ್ಷ ತುಂಬಿದಾಗಲೂ 28 ಮಕ್ಕಳು ಮಲಗುತ್ತಿರಲಿಲ್ಲ. ಹೀಗೆ ಏಳುತ್ತಿದ್ದ ಮಕ್ಕಳ ಬುದ್ಧಿ ಮತ್ತು ಚಲನೆಯ ಬೆಳವಣಿಗೆಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ನಿಮ್ಮ ಮಗು ರಾತ್ರಿ ಏಳುತ್ತಿದ್ದರೆ ಅದು ಮಗುವಿನ ದೋಷವಲ್ಲ, ನಿಮ್ಮ ಸೋಲೂ ಅಲ್ಲ.

ಇನ್ನು 'ಅದರದೇ ಹಾಸಿಗೆ'ಯ ವಿಷಯ. ಮಗುವನ್ನು ಬೇರೆ ಮಲಗಿಸುವುದೆಂದರೆ ವಿದೇಶಿ ಪದ್ಧತಿ, ಕಲ್ಲೆದೆಯವರ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಆದರೆ ತೊಟ್ಟಿಲು ಮತ್ತೇನು? ಹುಟ್ಟಿದ ಹನ್ನೊಂದನೆಯದೋ ಹನ್ನೆರಡನೆಯದೋ ದಿನ ಮುತ್ತೈದೆಯರನ್ನು ಕರೆದು, ಕೂಸನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಿ ತೂಗುತ್ತೇವೆ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ನಾಡಿಗೆಲ್ಲ ಗೊತ್ತು. ರಾಮಾಯಣ ಮಹಾಭಾರತದ ಚಿತ್ರ ಬರೆದ ಆ ತೊಟ್ಟಿಲುಗಳು ಮೊದಲ ಹೆರಿಗೆಯ ಮಗಳ ಜೊತೆ ತವರಿನಿಂದ ಗಂಡನ ಮನೆಗೆ ಹೋಗುತ್ತಿದ್ದವು. ಕೂಸಿಗೆ ಅದರದೇ ಆದ ಹಾಸಿಗೆ ಕೊಟ್ಟವರು ನಾವೇ. ತೊಟ್ಟಿಲು ಬೇರೆ ಕೋಣೆಯಲ್ಲಿರುತ್ತಿರಲಿಲ್ಲ. ತಾಯಿಯ ಚಾಪೆಯ ಪಕ್ಕದಲ್ಲೇ ಇರುತ್ತಿತ್ತು, ಅದರ ಹಗ್ಗ ಅವಳ ಕೈಗೆ ಎಟುಕುತ್ತಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯೂ ಇದನ್ನೇ ಹೇಳುತ್ತದೆ: ಕನಿಷ್ಠ ಆರು ತಿಂಗಳು ಮಗು ತಂದೆತಾಯಿಯ ಕೋಣೆಯಲ್ಲೇ ಇರಲಿ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಲಿ.

ಆ ಹಾಸಿಗೆ ಹೇಗಿರಬೇಕು ಎಂಬುದು ಜೀವದ ಪ್ರಶ್ನೆ. ಆರೋಗ್ಯವಾಗಿದ್ದ ಶಿಶು ನಿದ್ದೆಯಲ್ಲೇ ಸಾಯುವ ದುರಂತಗಳು ಪಶ್ಚಿಮದ ದೇಶಗಳಲ್ಲಿ ಹೆಚ್ಚಿದ್ದ ಕಾಲದಲ್ಲಿ, 1991ರಲ್ಲಿ ಬ್ರಿಟನ್ ಮತ್ತು ನ್ಯೂಜಿಲೆಂಡ್, 1994ರಲ್ಲಿ ಅಮೆರಿಕ 'ಮಗುವನ್ನು ಅಂಗಾತ ಮಲಗಿಸಿ' ಎಂಬ ಆಂದೋಲನ ನಡೆಸಿದವು. ಆ ಒಂದು ಬದಲಾವಣೆಯ ನಂತರ ಅಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಆದ್ದರಿಂದ ಹಗಲಿರಲಿ ರಾತ್ರಿಯಿರಲಿ, ಮಗು ಅಂಗಾತ ಮಲಗಬೇಕು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಬೇಕು. ಮೇಲೆ ಬಿಗಿಯಾಗಿ ಹಾಸಿದ ಒಂದು ಬಟ್ಟೆ ಸಾಕು. ತಲೆ ಗುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಎರಡೂ ಬದಿಯ ಲೋಡು, ಮೆತ್ತನೆಯ ರಜಾಯಿ, ಗೊಂಬೆ, ಇವು ಯಾವುವೂ ಮಲಗುವ ಜಾಗದಲ್ಲಿ ಬೇಡ. ಕೂಸು ಹುಟ್ಟುವ ಮುನ್ನವೇ ಹೊಲಿಸಿದ್ದರೂ ನಿದ್ದೆಯಲ್ಲಿ ಕುಲಾವಿ ಬೇಡ. ಮಗು ತನ್ನ ಮೈಯ ಬಿಸಿಯನ್ನು ತಲೆಯ ಮೂಲಕವೇ ಹೆಚ್ಚು ಹೊರಹಾಕುತ್ತದೆ. ಮಗುಚಿಕೊಳ್ಳಲು ಯತ್ನಿಸತೊಡಗಿದ ಕೂಡಲೇ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದನ್ನು ನಿಲ್ಲಿಸಬೇಕು. ಮಲಗುವ ಕೋಣೆಯಲ್ಲಿ ಸಾಂಬ್ರಾಣಿ ಹೊಗೆಯೂ ಬೇಡ, ಬೀಡಿ ಸಿಗರೇಟಿನ ಹೊಗೆಯೂ ಬೇಡ.

ಸೀರೆಯ ಜೋಲಿಯ ಬಗ್ಗೆ ಹೇಳುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದೇ ಮಗಳನ್ನು ನಾನು ಜೋಲಿಯಲ್ಲೇ ತೂಗಿ ಬೆಳೆಸಿದೆ. ಜೋಲಿಯಲ್ಲಿ ಬೆನ್ನು ಬಾಗುತ್ತದೆ, ಎಳೆಗೂಸಿನ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಇಕ್ಕಟ್ಟಾಗಬಹುದು. ಬಟ್ಟೆ ಮುಖಕ್ಕೆ ಮುಚ್ಚಬಹುದು, ಹೊರಳಾಡುವ ಮಗುವಿನ ಕೊರಳಿಗೆ ಸುತ್ತಬಹುದು. ಹಗಲಲ್ಲಿ ಎದುರಿಗೇ ಕೂತು ತೂಗಿ ಸಮಾಧಾನ ಮಾಡಬಹುದು. ರಾತ್ರಿ ಎಲ್ಲರೂ ಮಲಗಿದಾಗ ಜೋಲಿಯಲ್ಲಿ ಬಿಡಬಾರದು. ತೊಟ್ಟಿಲಿಗೂ ಒಂದು ಮಿತಿಯಿದೆ. ಮಗು ಅಂಗೈ ಊರಿ ಮೇಲೇಳಲು ಶುರುಮಾಡಿದರೆ ತೂಗುವ ತೊಟ್ಟಿಲಿನಿಂದ ಉರುಳಿ ಬೀಳಬಹುದು. ಆಗ ಕಂಬಿಯಿರುವ ಪುಟ್ಟ ಮಂಚಕ್ಕೆ ಬದಲಿಸಬೇಕು. ಒಂದೇ ಕೋಣೆಯ ಮನೆಯಾದರೆ ನೆಲದ ಮೇಲೆ, ನಿಮ್ಮ ಹಾಸಿಗೆಯಿಂದ ಒಂದು ಮೊಳ ದೂರದಲ್ಲಿ, ಗಟ್ಟಿಯಾದ ಪುಟ್ಟ ಹಾಸಿಗೆ ಹಾಸಿ ಸೊಳ್ಳೆಪರದೆ ಕಟ್ಟಿದರೆ ಅದೂ ಮಗುವಿನ ಸ್ವಂತ ಹಾಸಿಗೆಯೇ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಸೋಫಾ. ಅಂದು ರಾತ್ರಿ ಮಗು ಅಳಿಯನ ಹೆಗಲ ಮೇಲಿತ್ತು. ತೂಕಡಿಸುತ್ತಿದ್ದ ಮಗಳ ಮಡಿಲಲ್ಲಿದ್ದಿದ್ದರೆ? ನಿದ್ದೆಗಣ್ಣಿನಲ್ಲಿ ಮಗುವನ್ನು ಎತ್ತಿಕೊಂಡು ಸೋಫಾದಲ್ಲಿ ಕೂರಬೇಡಿ.

ಈಗ ದಾರಿಯ ವಿವರ. ಮೊದಲ ಹೆಜ್ಜೆ ಇಡಬೇಕಾದದ್ದು ಬೆಳಿಗ್ಗೆ. ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮಗುವನ್ನು ಬೆಳಕಿಗೆ ತನ್ನಿ. ಹಗಲಿನಲ್ಲಿ ಮಾತು, ಆಟ, ಮನೆಯ ಸದ್ದು ಎಲ್ಲ ಇರಲಿ. ರಾತ್ರಿ ಹಾಲು ಕೊಡುವಾಗ ಮಂದ ದೀಪ ಸಾಕು, ಮಾತು ಬೇಡ, ಮುದ್ದಾಟ ಬೇಡ. ಹಗಲು ಗದ್ದಲದ್ದು, ರಾತ್ರಿ ಮೌನದ್ದು ಎಂಬುದನ್ನು ಮಗು ಹೀಗೆ ಕಲಿಯುತ್ತದೆ.

ಎರಡನೆಯದು ಸಂಜೆಯ ಕ್ರಮ. ಎಣ್ಣೆ ಸವರಿ ನೀವುವುದು, ಬೆಚ್ಚನೆಯ ನೀರು, ಸಡಿಲ ಬಟ್ಟೆ, ಹಾಲು, ಜೋಗುಳ, ದೀಪ ಆರಿಸುವುದು. ಎಲ್ಲವೂ ಸೇರಿ ಅರ್ಧ ಗಂಟೆ. ಯಾವುದನ್ನು ಮಾಡಿದಿರಿ ಎಂಬುದಕ್ಕಿಂತ ದಿನವೂ ಅದೇ ಅನುಕ್ರಮದಲ್ಲಿ ಮಾಡಿದಿರಾ ಎಂಬುದು ಮುಖ್ಯ. ಅಮೆರಿಕದ ಮನೋವಿಜ್ಞಾನಿ ಜೋಡಿ ಮಿಂಡೆಲ್ ಮತ್ತು ಸಂಗಡಿಗರು 2009ರಲ್ಲಿ 405 ತಾಯಂದಿರು ಮತ್ತು ಅವರ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಮಲಗುವ ಮುನ್ನ ಇಂಥ ಒಂದೇ ಕ್ರಮವನ್ನು ಪಾಲಿಸಿದ ಮನೆಗಳಲ್ಲಿ ಮಕ್ಕಳು ಬೇಗ ನಿದ್ದೆಹೋದರು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರವಾಯಿತು. ನಮ್ಮ ಅಜ್ಜಿಯರಿಗೆ ಜೋಗುಳ ಬರುತ್ತಿತ್ತು. ಅದನ್ನು ಫೋನಿನಿಂದ ಹಾಡಿಸುವ ಬದಲು ನೀವೇ ಹಾಡಿ. ಸ್ವರ ತಪ್ಪಿದರೆ ಮಗು ಲೆಕ್ಕಕ್ಕಿಡುವುದಿಲ್ಲ.

ಇಲ್ಲಿ ನಮ್ಮ ಊರುಗಳದ್ದೇ ಒಂದು ತೊಡಕಿದೆ. ಭಾರತವೂ ಸೇರಿ 17 ದೇಶ, ಪ್ರದೇಶಗಳ 29,287 ಮಕ್ಕಳನ್ನು ಕುರಿತು 2010ರಲ್ಲಿ ಬಂದ ವರದಿ, ಪಶ್ಚಿಮದ ಮಕ್ಕಳಿಗಿಂತ ಏಷ್ಯಾದ ಮಕ್ಕಳು ತಡವಾಗಿ ಮಲಗುತ್ತಾರೆ, ಒಟ್ಟು ಕಡಿಮೆ ನಿದ್ದೆ ಮಾಡುತ್ತಾರೆ ಎಂದಿತು. ಬೆಂಗಳೂರಿನ ಟ್ರಾಫಿಕ್ ದಾಟಿ ಒಂಬತ್ತಕ್ಕೆ ಮನೆ ಸೇರುವ ಅಪ್ಪನಿಗೆ ಮಗುವಿನ ಜೊತೆ ಆಡುವ ಆಸೆ. ಟಿವಿ, ಊಟ, ನಗು ಎಲ್ಲ ಆಗಲೇ. ನಿದ್ದೆಯ ಹೊತ್ತು ಮೀರಿದ ಮಗು ದಣಿದು ರಚ್ಚೆ ಹಿಡಿಯುತ್ತದೆ. ಕಣ್ಣುಜ್ಜುವುದು, ಆಕಳಿಸುವುದು, ದೃಷ್ಟಿ ತಪ್ಪಿಸುವುದು ಕಂಡ ಕೂಡಲೇ ಮಲಗಿಸಬೇಕು. ಅಪ್ಪನ ಆಟ ಬೆಳಗಿನ ಹೊತ್ತಿಗೆ ಬದಲಾಗಲಿ.

ಮೂರನೆಯದೇ ಮುಖ್ಯವಾದ ಹೆಜ್ಜೆ. ಹಾಲು ಕುಡಿಸಿ ತೇಗಿಸಿದ ಮೇಲೆ, ಕಣ್ಣು ಎಳೆಯುತ್ತಿರುವಾಗಲೇ, ಪೂರ್ತಿ ನಿದ್ದೆ ಹತ್ತುವ ಮುಂಚೆ ಮಗುವನ್ನು ಅದರ ಹಾಸಿಗೆಗೆ ಇಳಿಸಿ. ಎದೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಟ್ಟಿ. ಮೊದಲ ರಾತ್ರಿಯೇ ಆಗಬೇಕೆಂದಿಲ್ಲ. ಅತ್ತರೆ ಎತ್ತಿಕೊಳ್ಳಿ, ಸಮಾಧಾನವಾದ ಮೇಲೆ ಮತ್ತೆ ಇಳಿಸಿ. ಮೂರು ನಾಲ್ಕು ರಾತ್ರಿ ತಟ್ಟುವುದು, ಆಮೇಲೆ ಬರೀ ಕೈ ಇಡುವುದು, ಆಮೇಲೆ ಪಕ್ಕದಲ್ಲಿ ಕೂರುವುದು, ಆಮೇಲೆ ಸ್ವಲ್ಪ ದೂರ ಕೂರುವುದು. ಹೀಗೆ ಆಸರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ನಾಲ್ಕೈದು ತಿಂಗಳಿಗಿಂತ ಚಿಕ್ಕ ಮಗುವಾದರೆ ಇಷ್ಟೆಲ್ಲ ಬೇಡ, ಮಲಗಿಸುವ ಉಪಾಯವೊಂದು ಸಾಕು. ಜಪಾನಿನ ರಿಕೆನ್ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನ ಹೀಗೆ ಹೇಳುತ್ತದೆ: ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಡೆಯಿರಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಕೂತುಕೊಂಡೇ ಇರಿ, ಆಮೇಲೆ ಮಲಗಿಸಿ. ನಿದ್ದೆ ಗಾಢವಾಗುವವರೆಗೆ ಕಾದರೆ ಬೆನ್ನು ತಾಗಿದೊಡನೆ ಏಳುವುದು ತಪ್ಪುತ್ತದೆ.

ನಾಲ್ಕನೆಯದು ರಾತ್ರಿ ಸದ್ದು ಕೇಳಿದಾಗಿನ ತಾಳ್ಮೆ. ಮುಲುಗಿದ ಕೂಡಲೇ ಧಾವಿಸಿ ಎತ್ತಿಕೊಂಡರೆ ನಿದ್ದೆಯಲ್ಲಿದ್ದ ಮಗುವನ್ನು ನಾವೇ ಎಬ್ಬಿಸಿದಂತೆ. ಒಂದೆರಡು ನಿಮಿಷ ಕಾಯಿರಿ. ಅಳು ಏರಿದರೆ ಹೋಗಿ. ಆರು ತಿಂಗಳವರೆಗೆ ರಾತ್ರಿಯ ಹಾಲು ಬೇಕೇ ಬೇಕು. ಆಮೇಲೆ ತೂಕ ಚೆನ್ನಾಗಿ ಏರುತ್ತಿದ್ದರೆ, ಹಗಲಿನ ಆಹಾರ ಕುದುರಿದರೆ, ವೈದ್ಯರನ್ನು ಕೇಳಿ ನಿಧಾನವಾಗಿ ಕಡಿಮೆ ಮಾಡಬಹುದು. ಕಡಿಮೆ ಮಾಡಲೇಬೇಕೆಂಬ ನಿಯಮವಿಲ್ಲ.

ಅಳಲು ಬಿಡುವ ವಿಧಾನದ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಬಾಸ್ಟನ್ನಿನ ವೈದ್ಯ ರಿಚರ್ಡ್ ಫರ್ಬರ್ 1985ರ ತಮ್ಮ ಪುಸ್ತಕದಲ್ಲಿ, ಮಗು ಅತ್ತಾಗ ಹೋಗಿ ಸಂತೈಸುವ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ಕ್ರಮವನ್ನು ವಿವರಿಸಿದರು. ಇದರಿಂದ ಮಗುವಿನ ಮನಸ್ಸಿಗೆ ಗಾಯವಾಗುತ್ತದೆಯೇ ಎಂಬ ಭಯಕ್ಕೆ ಆಸ್ಟ್ರೇಲಿಯಾದ ಸಂಶೋಧಕರು ಐದು ವರ್ಷ ಕಾದು ಉತ್ತರ ಹುಡುಕಿದರು. ಇಂಥ ವಿಧಾನಗಳನ್ನು ಕಲಿತ ಕುಟುಂಬಗಳ ಮಕ್ಕಳಿಗೂ ಉಳಿದ ಮಕ್ಕಳಿಗೂ ಆರು ವರ್ಷದ ಹೊತ್ತಿಗೆ ವ್ಯತ್ಯಾಸವೇ ಇರಲಿಲ್ಲ, ಕೇಡೂ ಇಲ್ಲ, ದೀರ್ಘಕಾಲದ ಲಾಭವೂ ಇಲ್ಲ ಎಂದು 2012ರಲ್ಲಿ ವರದಿಯಾಯಿತು. ಆದ್ದರಿಂದ ಆರು ತಿಂಗಳು ದಾಟಿದ, ಆರೋಗ್ಯವಂತ ಮಗುವಿಗೆ ಈ ದಾರಿ ಹಿಡಿದ ತಂದೆತಾಯಿಯನ್ನು ಯಾರೂ ದೂಷಿಸಬಾರದು. ಮನಸ್ಸು ಒಪ್ಪದವರು ಮೆಟ್ಟಿಲು ಇಳಿಯುವ ದಾರಿಯನ್ನೇ ಹಿಡಿಯಬಹುದು. ನನ್ನ ಒಲವು ಅದರ ಕಡೆಗೇ. ಯಾವುದನ್ನೇ ಆರಿಸಿ, ಮನೆಯವರೆಲ್ಲ ಎರಡು ವಾರ ಅದನ್ನೇ ಪಾಲಿಸಿ. ಅಮ್ಮ ಇಳಿಸುವುದು, ಅಪ್ಪ ಎತ್ತುವುದು, ಅಜ್ಜಿ ತೂಗುವುದು ಆದರೆ ಮಗು ಕಂಗೆಡುತ್ತದೆ.

ನಿದ್ದೆ ಬರಲೆಂದು ಏನನ್ನೂ ತಿನ್ನಿಸಬೇಡಿ. ಜಾಯಿಕಾಯಿ, ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್, ಮಂಪರು ಬರುತ್ತದೆಂದು ಕೊಡುವ ನೆಗಡಿಯ ಸಿರಪ್, ಎಲ್ಲವೂ ಬೇಡ. ಜಾಯಿಕಾಯಿಯ ಮಂಪರು ನಿದ್ದೆಯಲ್ಲ, ಅದರ ಪ್ರಮಾಣ ಹೆಚ್ಚಾದರೆ ವಿಷ. ಹೊಟ್ಟೆ ತುಂಬಿದರೆ ಮಲಗುತ್ತದೆಂದು ಆರು ತಿಂಗಳಿಗೆ ಮುಂಚೆಯೇ ರಾಗಿ ಸರಿ ತಿನ್ನಿಸುವುದೂ ತಪ್ಪು. ಆರು ತಿಂಗಳವರೆಗೆ ಎದೆಹಾಲಷ್ಟೇ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಗೊರಕೆ, ಉಸಿರು ತಡೆತಡೆದು ಬರುವುದು, ತೂಕ ಏರದಿರುವುದು, ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಇವು ಕಂಡರೆ ನಿದ್ದೆಯ ಪಾಠ ಬದಿಗಿಟ್ಟು ವೈದ್ಯರ ಬಳಿಗೆ ಹೋಗಿ.

ದಾರಿ ನೇರವಾಗಿರುವುದಿಲ್ಲ. ಎಂಟೊಂಬತ್ತು ತಿಂಗಳಿಗೆ ಅಮ್ಮ ಕಣ್ಮರೆಯಾದರೆ ಮಗುವಿಗೆ ತಳಮಳ. ಹಲ್ಲು ಬರುವಾಗ, ಜ್ವರ ಬಂದಾಗ, ಜಾತ್ರೆಗೆಂದು ಊರಿಗೆ ಹೋದಾಗ ಕಲಿತದ್ದೆಲ್ಲ ಮರೆತಂತೆ ಕಾಣುತ್ತದೆ. ಆ ದಿನಗಳಲ್ಲಿ ಎತ್ತಿಕೊಳ್ಳಿ, ಪಕ್ಕದಲ್ಲೇ ಇರಿ. ಮಗು ಚೇತರಿಸಿಕೊಂಡ ಮೇಲೆ ಹಳೆಯ ಕ್ರಮಕ್ಕೆ ಮರಳಿದರೆ ಮೊದಲಿಗಿಂತ ಬೇಗ ಅದಕ್ಕೆ ಹೊಂದಿಕೊಳ್ಳುತ್ತದೆ.

ಮಗುವಿನ ನಿದ್ದೆಯಷ್ಟೇ ತಾಯಿಯ ನಿದ್ದೆಯೂ ಮುಖ್ಯ. ಮಗು ಮಲಗಿದರೂ ಅವಳಿಗೆ ನಿದ್ದೆ ಬಾರದಿದ್ದರೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ, ಮಗುವಿನ ಮೇಲೆ ಅಕ್ಕರೆಯೇ ಹುಟ್ಟದಿದ್ದರೆ ಅದು ಸೋಮಾರಿತನವಲ್ಲ, ಚಿಕಿತ್ಸೆಯಿರುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ದಾಖಲಿಸಿಕೊಂಡು ಆರೈಕೆ ಮಾಡುವ ಘಟಕವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ ಮಾತಾಡಬಹುದು.

ಮಗಳ ಮನೆಯಲ್ಲಿ ನಾಲ್ಕು ದಿನಕ್ಕೆಂದು ಹೋದವಳು ಮೂರು ವಾರ ಉಳಿದೆ. ಎಂಟಕ್ಕೆ ದೀಪ ಆರಿಸಿದೆವು. ಮೊದಲ ಐದು ರಾತ್ರಿ ಕಠಿಣವಾಗಿದ್ದವು. ಕೊನೆಯ ವಾರದಲ್ಲಿ ಮೊಮ್ಮಗ ರಾತ್ರಿ ಒಂದು ಸಲ ಎದ್ದು, ಹಾಲು ಕುಡಿದು, ತನ್ನ ಮಂಚದಲ್ಲೇ ಮತ್ತೆ ಮಲಗುತ್ತಿದ್ದ. ಈಗಲೂ ಒಮ್ಮೊಮ್ಮೆ ಎರಡು ಸಲ ಏಳುತ್ತಾನಂತೆ. ಆ ಮೂರು ವಾರ ನಾವು ಮಾಡಿಕೊಂಡ ಒಂದು ಏರ್ಪಾಡೇ ಎಲ್ಲಕ್ಕಿಂತ ನೆರವಾಯಿತು: ರಾತ್ರಿ ಒಂದರವರೆಗೆ ಅಳಿಯನ ಸರದಿ, ಆಮೇಲೆ ಮಗಳದ್ದು, ಬೆಳಗಿನ ಐದರಿಂದ ನನ್ನದು. ಮನೆಯಲ್ಲಿ ಎಳೆಯ ಮಗುವಿರುವ ಅಪ್ಪಂದಿರು, ಅಜ್ಜ ಅಜ್ಜಿಯರು, ಅತ್ತೆ ಮಾವಂದಿರು ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ ಇಷ್ಟೇ. ಸಲಹೆಗಿಂತ ಮೊದಲು ಒಂದು ಸರದಿಯನ್ನು ವಹಿಸಿಕೊಳ್ಳಿ. ಇವತ್ತು ರಾತ್ರಿಯಿಂದಲೇ.